ಒಲೆ ಹಚ್ಚುವ ಮುನ್ನದ ಹಿಡಿ ಅಕ್ಕಿ

ಮಿಜೋರಾಮಿನ ಕ್ರೈಸ್ತ ಮನೆಗಳಲ್ಲಿ ಅನ್ನಕ್ಕೆಂದು ಅಕ್ಕಿ ಅಳೆದುಕೊಂಡ ಗೃಹಿಣಿ ಅದನ್ನು ತೊಳೆಯುವ ಮೊದಲೇ ಒಂದು ಹಿಡಿ ತೆಗೆದು ಬೇರೊಂದು ಪಾತ್ರೆಗೆ ಹಾಕುತ್ತಾಳೆ. ಪ್ರತಿ ಹೊತ್ತಿನ ಅಡುಗೆಗೂ ಒಂದೊಂದು ಹಿಡಿ. ಆ ಪಾತ್ರೆಯ ಅಕ್ಕಿ ಮನೆಯ ಖರ್ಚಿಗಲ್ಲ, ದೇವರದು. ಸಭೆಯ ಹೆಂಗಸರು ಮನೆಮನೆಗೆ ಹೋಗಿ ಅದನ್ನು ಒಟ್ಟುಮಾಡಿ ಮಾರುತ್ತಾರೆ, ಬಂದ ಹಣ ಸುವಾರ್ತಾ ಸೇವೆಗೆ ಹೋಗುತ್ತದೆ. ಬುಹ್‌ಫಾಯ್ ಥಾಮ್ ಎಂದು ಅದಕ್ಕೆ ಅಲ್ಲಿನ ಹೆಸರು. ಆ ಗುಡ್ಡಗಳಲ್ಲಿ ನೆಲೆಸಲು ಇಬ್ಬರು ಮಿಷನರಿಗಳು ಬಂದದ್ದು 1894ರಲ್ಲಿ. ಹಿಡಿ ಅಕ್ಕಿಯ ಪದ್ಧತಿ ಶುರುವಾದದ್ದು 1910ರ ಸುಮಾರಿಗೆ. ಆಗ ಜನರ ಕೈಯಲ್ಲಿ ಹಣದ ಓಡಾಟವೇ ಕಡಿಮೆ. ಹೆಂಗಸರಿಗಂತೂ ಅಲ್ಲಿನ ಕಟ್ಟಳೆಯಲ್ಲಿ ಆಸ್ತಿಯ ಹಕ್ಕಿರಲಿಲ್ಲ. ಅವರ ಅಧೀನದಲ್ಲಿ ಇದ್ದದ್ದು ಅಡುಗೆಮನೆಯ ಅಕ್ಕಿ ಮಾತ್ರ, ಅದರಿಂದಲೇ ಕೊಟ್ಟರು. ಬಿದಿರು ಹೂಬಿಟ್ಟಾಗ ಇಲಿಗಳ ಹಿಂಡು ಹೆಚ್ಚಿ, ಬೆಳೆಯನ್ನೆಲ್ಲ ತಿಂದು ಬರ ತರುವ ನಾಡು ಅದು. 1911–12ರಲ್ಲೂ ಹಾಗಾಯಿತು, 1959ರಲ್ಲೂ ಆಯಿತು. ಅಕ್ಕಿ ಎಂದರೆ ಏನೆಂದು ಬಲ್ಲ ಜನ ಹುಟ್ಟುಹಾಕಿದ ಈ ಪದ್ಧತಿ ನೂರು ವರ್ಷ ದಾಟಿ ಇಂದಿಗೂ ನಡೆಯುತ್ತಿದೆ.

ಕ್ರೈಸ್ತರ ಬಾಯಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ: ಬದುಕಿನಲ್ಲಿ ದೇವರಿಗೆ ಮೊದಲ ಸ್ಥಾನ ಕೊಡಬೇಕು. ಪ್ರಸಂಗಗಳಲ್ಲಿ, ಮದುವೆಯ ಆಶೀರ್ವಚನಗಳಲ್ಲಿ, ಹೊಸ ವರ್ಷದ ಆರಾಧನೆಯಲ್ಲಿ ಈ ಮಾತು ಬಂದೇ ಬರುತ್ತದೆ. ಕೇಳುವವರು ಸಾಮಾನ್ಯವಾಗಿ ಅದನ್ನು ಪ್ರಮಾಣದ ಮಾತಾಗಿ ತಿಳಿಯುತ್ತಾರೆ. ಹೆಚ್ಚು ಹೊತ್ತು ಪ್ರಾರ್ಥಿಸಬೇಕು, ಹೆಚ್ಚು ಕಾಣಿಕೆ ಹಾಕಬೇಕು, ಚರ್ಚಿನ ಕೆಲಸಕ್ಕೆ ಹೆಚ್ಚು ಓಡಾಡಬೇಕು ಎಂದು. ಹಾಗೆ ತಿಳಿದವರಿಗೆ ಎರಡೇ ದಾರಿ ಉಳಿಯುತ್ತದೆ: ತಾನು ಎಷ್ಟು ಮಾಡಿದರೂ ಸಾಲದು ಎಂಬ ಕೊರಗು, ಇಲ್ಲವೇ ತಾನು ಬೇರೆಯವರಿಗಿಂತ ಹೆಚ್ಚು ಮಾಡುತ್ತಿದ್ದೇನೆ ಎಂಬ ಹಮ್ಮು. ನನ್ನ ವಾದವಿಷ್ಟು: ಬೈಬಲ್ ಕೇಳುವುದು ಪ್ರಮಾಣಕ್ಕಿಂತ ಮೊದಲು ಸರದಿಯನ್ನು. ಮಿಜೋ ಗೃಹಿಣಿ ತೆಗೆಯುವುದು ಒಂದೇ ಹಿಡಿ, ಆದರೆ ಅನ್ನ ಬೆಂದು, ಎಲ್ಲರೂ ಉಂಡು, ಮಿಕ್ಕದ್ದನ್ನು ನೋಡಿ ತೆಗೆಯುವುದಲ್ಲ. ಮಿಕ್ಕಿದ್ದರಲ್ಲಿ ಕೊಟ್ಟರೆ ಮನೆಯ ಲೆಕ್ಕಾಚಾರದಲ್ಲಿ ಏನೂ ಬದಲಾಗದು. ಮೊದಲೇ ತೆಗೆದಿಟ್ಟರೆ ಇಡೀ ಮನೆ ಉಳಿದದ್ದರಲ್ಲಿ ಬಾಳಲು ಕಲಿಯಬೇಕಾಗುತ್ತದೆ. ಸಾಲದೆ ಹೋದೀತೇ ಎಂಬ ಭಯವನ್ನು ದಿನಕ್ಕೆರಡು ಸಲ ಎದುರಿಸಬೇಕಾಗುತ್ತದೆ. ನಂಬಿಕೆಗೆ ಕೆಲಸ ಬರುವುದು ಅಲ್ಲಿ.

ಈ ಕ್ರಮ ಮಿಜೋ ಜನರ ಕಲ್ಪನೆಯಲ್ಲ, ಹಳೆಯ ಒಡಂಬಡಿಕೆಯಷ್ಟು ಹಿಂದಿನದು. ಬೆಳೆಯ ಪ್ರಥಮ ಫಲವನ್ನು ದೇವರ ಮನೆಗೆ ತರಬೇಕೆಂದು ವಿಮೋಚನಕಾಂಡ ವಿಧಿಸುತ್ತದೆ. ಮೊದಲ ಸಿವುಡು ಕೊಯ್ಯುವ ಹೊತ್ತಿಗೆ ಉಳಿದ ಬೆಳೆ ಇನ್ನೂ ಹೊಲದಲ್ಲೇ ನಿಂತಿರುತ್ತದೆ. ಮಳೆ ಬಂದು ಕೆಡಬಹುದು, ಮಿಡತೆ ಎರಗಬಹುದು. ಕಣಜ ತುಂಬಿದ ಮೇಲೆ ಲೆಕ್ಕ ಹಾಕಿ ಕೊಡುವವನಿಗೆ ಈ ಅಪಾಯವಿಲ್ಲ. ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಡಗಿನ ಹುತ್ತರಿ, ತುಳುನಾಡಿನ ಪುದ್ವಾರ್ ಎರಡೂ ಹೊಸ ತೆನೆಯನ್ನು ಮೊದಲು ಮನೆತುಂಬಿಸಿಕೊಂಡು ಆಮೇಲೆ ಹೊಸ ಅಕ್ಕಿ ಉಣ್ಣುವ ಹಬ್ಬಗಳೇ. ಅದೇ ಕರಾವಳಿಯ ಕೊಂಕಣಿ ಕೆಥೊಲಿಕರು ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮದಿನದಂದು, ಮೊಂತಿ ಹಬ್ಬ ಆಚರಿಸುತ್ತಾರೆ. ಅಂದು ಚರ್ಚಿನಲ್ಲಿ ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಅದರ ಕಾಳನ್ನು ಸುಲಿದು, ಪುಡಿಮಾಡಿ, ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಕೊಟ್ಟ ಮೇಲೆಯೇ ಊಟ. ಮುಂಬೈಯಲ್ಲೋ ಗಲ್ಫಿನಲ್ಲೋ ಇರುವ ಮಕ್ಕಳಿಗೆ ಆ ಕಾಳುಗಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವ ರೂಢಿಯೂ ಇದೆ. ಮಣ್ಣಿನ ಹಳೆಯ ತಿಳಿವಳಿಕೆಯನ್ನೂ ಬೈಬಲಿನ ಪ್ರಥಮ ಫಲವನ್ನೂ ಈ ಹಬ್ಬ ಒಂದೇ ಬಟ್ಟಲಲ್ಲಿ ಕಲಸಿದೆ ಎಂದರೆ ತಪ್ಪಾಗದು.

ಧಾನ್ಯದಲ್ಲಿ ಇದ್ದ ಸರದಿಯೇ ಕಾಲಕ್ಕೂ ಬಂತು. ಯೆಹೂದ್ಯರು ವಾರದ ಕೊನೆಯ ದಿನವಾದ ಸಬ್ಬತ್ತನ್ನು ದೇವರಿಗೆ ಮೀಸಲಿಟ್ಟರು. ಯೇಸುವಿನ ಪುನರುತ್ಥಾನವನ್ನು ನೆನೆದು ಕ್ರೈಸ್ತರು ವಾರದ ಮೊದಲ ದಿನ ಕೂಡತೊಡಗಿದರು. ದುಡಿದು ದಣಿದ ಮೇಲೆ ಬಿಡುವು ಎನ್ನುವುದಕ್ಕಿಂತ ದುಡಿಮೆ ಆರಂಭವಾಗುವ ಮೊದಲೇ ದೇವರ ಸನ್ನಿಧಿ ಎನ್ನುವ ಅರ್ಥ ಅದಕ್ಕೆ ಸೇರಿಕೊಂಡಿತು. ನಾವು ಇಂದು ಭಾನುವಾರ ಎಂದರೆ ರಜೆ ಎಂದುಕೊಳ್ಳುತ್ತೇವೆ. ರೋಮ್ ಸಾಮ್ರಾಜ್ಯದಲ್ಲಿ ಅದು ರಜೆಯಾದದ್ದು 321ರಲ್ಲಿ, ಕಾನ್‌ಸ್ಟಂಟೈನ್ ಚಕ್ರವರ್ತಿಯ ಆಜ್ಞೆಯಿಂದ. ಅದಕ್ಕೂ ಮೊದಲಿನ ಸುಮಾರು ಮುನ್ನೂರು ವರ್ಷ ಅದು ಕೆಲಸದ ದಿನ. ಗುಲಾಮರೂ ಕೂಲಿಗಳೂ ಹೆಚ್ಚಾಗಿದ್ದ ಸಭೆಗಳು ಹೇಗೆ ನಿಭಾಯಿಸಿದವು ಎನ್ನುವುದಕ್ಕೆ ಒಬ್ಬ ವಿರೋಧಿಯ ಸಾಕ್ಷ್ಯವೇ ಇದೆ. ಇಂದಿನ ಟರ್ಕಿಯ ಉತ್ತರದಲ್ಲಿದ್ದ ಬಿಥೂನ್ಯ ಪ್ರಾಂತ್ಯದ ರಾಜ್ಯಪಾಲ ಪ್ಲಿನಿ, 112ರ ಸುಮಾರಿಗೆ ಚಕ್ರವರ್ತಿ ಟ್ರಾಜನನಿಗೆ ಬರೆದ ಪತ್ರದಲ್ಲಿ, ವಿಚಾರಣೆಗೆ ಒಳಗಾದ ಕ್ರೈಸ್ತರು ಏನು ಒಪ್ಪಿಕೊಂಡರೆಂದು ವರದಿ ಮಾಡಿದ್ದಾನೆ. ಅವರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮೊದಲು ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ. ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ, ಕೊಟ್ಟ ಮಾತು ಮುರಿಯುವುದಿಲ್ಲ, ಒಪ್ಪಿಸಿಟ್ಟ ಹಣವನ್ನು ಕೇಳಿದಾಗ ಇಲ್ಲವೆನ್ನುವುದಿಲ್ಲ ಎಂದು ಪ್ರಮಾಣ ಮಾಡುತ್ತಾರೆ. ಪ್ಲಿನಿಗೆ ಈ ಜನರ ಮೇಲೆ ಕನಿಕರವಿರಲಿಲ್ಲ. ಪಟ್ಟುಬಿಡದವರನ್ನು ಕೊಲ್ಲಿಸಿದವನು ಅವನು. ಆದರೂ ಅವನ ಕಾಗದದಲ್ಲಿ ಎರಡು ಸಂಗತಿ ಅಕ್ಕಪಕ್ಕ ನಿಂತಿವೆ: ನಸುಕಿನ ಪ್ರಾರ್ಥನೆ, ಹಗಲಿನ ಪೇಟೆಯ ಪ್ರಾಮಾಣಿಕತೆ. ದಿನದ ಮೊದಲ ಹೊತ್ತನ್ನು ದೇವರಿಗೆ ಕೊಟ್ಟದ್ದಕ್ಕೆ ಗುರುತು ಉಳಿದ ಹೊತ್ತಿನ ವ್ಯಾಪಾರದಲ್ಲಿ ಕಾಣಬೇಕು ಎಂಬ ತಿಳಿವು ಆ ಬಡ ಸಭೆಗಿತ್ತು.

ಸರದಿ ಮುಖ್ಯ ಎನ್ನುವುದರ ಇನ್ನೊಂದು ಮುಖ, ನಿರ್ಧಾರ ಮೊದಲೇ ಆಗಿರಬೇಕು ಎನ್ನುವುದು. ಸಂದರ್ಭ ಬಂದಾಗ ನೋಡೋಣ ಎಂದವನು ಸಂದರ್ಭ ಬಂದಾಗ ಬಹುಮಟ್ಟಿಗೆ ಸೋಲುತ್ತಾನೆ, ಯಾಕೆಂದರೆ ಆಗ ಲಾಭ ಕಣ್ಣೆದುರಿಗಿರುತ್ತದೆ, ದೇವರು ಕಾಣುವುದಿಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್ 100 ಮೀಟರ್ ಓಟದ ಪ್ರಾಥಮಿಕ ಸುತ್ತು ಭಾನುವಾರ ಇದ್ದ ಕಾರಣ ಓಡಲಿಲ್ಲ. ಅದು ಅವರ ಮುಖ್ಯ ಸ್ಪರ್ಧೆಯಾಗಿತ್ತು. 1981ರ ಚಾರಿಯಟ್ಸ್ ಆಫ್ ಫೈರ್ ಚಿತ್ರದಲ್ಲಿ ಹಡಗು ಹತ್ತುವಾಗ ಅವರಿಗೆ ಈ ಸುದ್ದಿ ತಿಳಿದಂತೆ ತೋರಿಸಿದ್ದಾರೆ. ಕಥೆಗೆ ಅದು ಚೆನ್ನ, ನಡೆದದ್ದು ಹಾಗಲ್ಲ. ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಾಗಿತ್ತು. ಲಿಡೆಲ್ ಆಗಲೇ ಇಲ್ಲವೆಂದರು, 400 ಮೀಟರಿಗೆ ಅಭ್ಯಾಸ ಶುರುಮಾಡಿದರು, ಭಾನುವಾರ ಬಿದ್ದ ರಿಲೇ ಓಟಗಳನ್ನೂ ಬಿಟ್ಟರು. ನಿಜ ಸಂಗತಿ ಸಿನಿಮಾಕ್ಕಿಂತ ದೊಡ್ಡದೆಂದು ನನಗೆ ಅನ್ನಿಸುತ್ತದೆ. ಕೊನೆಗಳಿಗೆಯ ಆವೇಶದಲ್ಲಿ ಪದಕ ಬಿಡುವುದು ಒಂದು ಬಗೆಯ ಧೈರ್ಯ. ತಿಂಗಳುಗಟ್ಟಲೆ ಪ್ರತಿದಿನ ಅಭ್ಯಾಸಕ್ಕೆ ಹೋಗುತ್ತಾ, ಒತ್ತಡವನ್ನೂ ಟೀಕೆಯನ್ನೂ ಕೇಳುತ್ತಾ, ಮೊದಲು ಮಾಡಿದ ನಿರ್ಧಾರದೊಂದಿಗೆ ಬಾಳುವುದು ಅದಕ್ಕಿಂತ ಕಷ್ಟದ್ದು.

ಇಷ್ಟಕ್ಕೆ ಎದ್ದು ನಿಲ್ಲುವ ಮೊದಲ ಆಕ್ಷೇಪ ಮನೆಯದು. ದೇವರೇ ಮೊದಲು ಎಂದರೆ ಹೆಂಡತಿ ಮಕ್ಕಳು, ವಯಸ್ಸಾದ ತಂದೆತಾಯಿ ಎಲ್ಲಿ? ಸಭೆಯ ಕೆಲಸಕ್ಕೆಂದು ಊರೂರು ತಿರುಗುತ್ತ ಮನೆಯನ್ನು ಸೊರಗಿಸಿದ ಭಕ್ತರು ಎಲ್ಲ ಮತಗಳಲ್ಲೂ ಇದ್ದಾರೆ, ಕ್ರೈಸ್ತರಲ್ಲೂ ಇದ್ದಾರೆ. ಈ ಆಕ್ಷೇಪವನ್ನು ಎತ್ತಿದವರಲ್ಲಿ ಯೇಸುವೇ ಮೊದಲಿಗರು ಎಂಬುದನ್ನು ಅಂಥವರು ಗಮನಿಸಬೇಕು. ತಂದೆತಾಯಿಗೆ ಸಲ್ಲಬೇಕಾದ ನೆರವನ್ನು ದೇವರಿಗೆ ಮುಡಿಪಿಟ್ಟಿದ್ದೇನೆಂದು ಹೇಳಿ ತಪ್ಪಿಸಿಕೊಳ್ಳುವ ಪದ್ಧತಿ ಆಗ ಇತ್ತು, ಕೊರ್ಬಾನ್ ಎಂದು ಅದನ್ನು ಕರೆಯುತ್ತಿದ್ದರು. ಅದು ದೇವರ ಆಜ್ಞೆಯನ್ನೇ ರದ್ದುಮಾಡುವ ಕೆಲಸವೆಂದು ಯೇಸು ಖಂಡಿಸಿದ್ದನ್ನು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯ ದಾಖಲಿಸಿದೆ. ಪರ್ವತ ಪ್ರಸಂಗದಲ್ಲಿ ಇದಕ್ಕಿಂತ ಅಚ್ಚರಿಯ ಮಾತಿದೆ. ಬಲಿಪೀಠದ ಮುಂದೆ ಕಾಣಿಕೆ ಹಿಡಿದು ನಿಂತವನಿಗೆ, ತನ್ನ ಮೇಲೆ ಸಹೋದರನಿಗೆ ಮನಸ್ತಾಪವಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ರಾಜಿಯಾಗಬೇಕೆಂದು ಯೇಸು ಹೇಳುತ್ತಾರೆ. ಹಾಗಾದರೆ ಇಲ್ಲಿ ಮನುಷ್ಯನೇ ಮೊದಲಾದನೇ? ಇಲ್ಲ. ದೇವರ ಮಾತಿನಂತೆ ನಡೆಯುವುದು ಮೊದಲಾಯಿತು, ಆ ಮಾತು ಅವನನ್ನು ಸಹೋದರನ ಮನೆಗೆ ಕಳಿಸಿತು. ದೇವರಿಗೆ ಮೊದಲ ಸ್ಥಾನ ಕೊಡುವುದು ಬೇರೆ, ದೇವರ ಹೆಸರಿನ ಚಟುವಟಿಕೆಗೆ ಮೊದಲ ಸ್ಥಾನ ಕೊಡುವುದು ಬೇರೆ. ತನ್ನ ಮನೆಯವರನ್ನು ಸಲಹದವನು ನಂಬದವನಿಗಿಂತ ಕೀಳು ಎಂದು ತಿಮೊಥೆಯನಿಗೆ ಬರೆದ ಮೊದಲ ಪತ್ರ ನಿಷ್ಠುರವಾಗಿ ಹೇಳುವುದೂ ಇದೇ ಕಾರಣಕ್ಕೆ.

ಎರಡನೆಯ ಆಕ್ಷೇಪ ಹಣದ್ದು. ಇದರ ಮುಂದೆ ಇಂದಿನ ಸಭೆಗಳು ತಲೆತಗ್ಗಿಸಬೇಕಾದ ಸಂದರ್ಭಗಳೂ ಇವೆ. ದೇವರಿಗೆ ಮೊದಲು ಕೊಡಿ, ದೇವರು ಹತ್ತರಷ್ಟು ಹಿಂದಿರುಗಿಸುತ್ತಾನೆ ಎಂದು ವೇದಿಕೆಯಿಂದ ಸಾರಿ, ಬಡವರ ಸಂಬಳದ ದಶಮಾಂಶವನ್ನು ಬಾಚಿಕೊಳ್ಳುವ ಪ್ರಸಂಗಿಗಳಿದ್ದಾರೆ. ಬರಗಾಲದಲ್ಲಿ ಕೊನೆಯ ಹಿಡಿ ಹಿಟ್ಟು ಉಳಿದಿದ್ದ ಚಾರೆಪ್ತದ ವಿಧವೆಯ ಕಥೆ ಅವರಿಗೆ ಅಚ್ಚುಮೆಚ್ಚು. ಪ್ರವಾದಿ ಎಲೀಯನು ತನಗೆ ಮೊದಲು ಒಂದು ಸಣ್ಣ ರೊಟ್ಟಿ ಮಾಡಿಕೊಡು ಎಂದ, ಅವಳು ಕೊಟ್ಟಳು, ಮಡಕೆಯ ಹಿಟ್ಟು ತೀರಲಿಲ್ಲ. ಆದರೆ ಆ ಕಥೆಯಲ್ಲಿ ಎಲೀಯ ಹಸಿದು ಅಲೆಯುತ್ತಿದ್ದ ಪರದೇಶಿ, ಬಂಗಲೆಯಲ್ಲಿದ್ದವನಲ್ಲ. ಕೊಟ್ಟವಳೂ ಅವಳ ಮಗುವೂ ಅವನೂ ಒಂದೇ ಮಡಕೆಯಿಂದ ಉಂಡರು. ಬಡ ವಿಧವೆಯೊಬ್ಬಳು ದೇವಾಲಯದ ಹುಂಡಿಗೆ ಎರಡು ಕಾಸು ಹಾಕಿದ ಪ್ರಸಂಗವನ್ನೂ ಹೀಗೇ ಬಳಸುತ್ತಾರೆ. ಮಾರ್ಕನ ಸುವಾರ್ತೆಯಲ್ಲಿ ಅದಕ್ಕೆ ಮೊದಲಿನ ಸಾಲುಗಳಲ್ಲೇ ಯೇಸು, ಉದ್ದುದ್ದ ಪ್ರಾರ್ಥನೆ ಮಾಡಿ ವಿಧವೆಯರ ಮನೆಗಳನ್ನು ನುಂಗುವ ಧರ್ಮಪಂಡಿತರ ಬಗ್ಗೆ ಎಚ್ಚರಿಸಿರುವುದನ್ನು ಮಾತ್ರ ಬಿಟ್ಟು ಓದುತ್ತಾರೆ. ಹತ್ತರಷ್ಟು ಬರುತ್ತದೆಂದು ಕೊಡುವವನು ದೇವರನ್ನು ಮೊದಲಿಟ್ಟಿಲ್ಲ. ಲಾಭವನ್ನು ಮೊದಲಿಟ್ಟು ದೇವರನ್ನು ದಲ್ಲಾಳಿ ಮಾಡಿಕೊಂಡಿದ್ದಾನೆ. ಮತ್ತಾಯನ ಆರನೆಯ ಅಧ್ಯಾಯದಲ್ಲಿ ಮೊದಲು ದೇವರ ರಾಜ್ಯವನ್ನೂ ನೀತಿಯನ್ನೂ ಹುಡುಕಿರಿ ಎಂಬ ಬೋಧೆಗೆ ಜೊತೆಗೂಡಿ ಬರುವ ಭರವಸೆ ಅನ್ನ ಬಟ್ಟೆಯದು, ಸಂಪತ್ತಿನದಲ್ಲ.

ದೇವರಿಗೆಂದು ತೆಗೆದಿಟ್ಟದ್ದು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಧರ್ಮೋಪದೇಶಕಾಂಡದ ಇಪ್ಪತ್ತಾರನೆಯ ಅಧ್ಯಾಯದಲ್ಲಿ ಉತ್ತರವಿದೆ. ಪ್ರಥಮ ಫಲದ ಪುಟ್ಟಿ ಹೊತ್ತು ಬಂದವನು ತನ್ನ ಪೂರ್ವಿಕರು ಅಲೆಮಾರಿಗಳಾಗಿದ್ದುದನ್ನೂ ಐಗುಪ್ತದಲ್ಲಿ ಗುಲಾಮರಾಗಿದ್ದುದನ್ನೂ ಬಾಯಿಬಿಟ್ಟು ಹೇಳಬೇಕು. ಆಮೇಲೆ ಹೊಲವಿಲ್ಲದ ಲೇವಿ ಕುಲದವನೊಡನೆ, ತನ್ನ ನಡುವೆ ಇರುವ ಪರದೇಶಿಯೊಡನೆ ಸಂಭ್ರಮಿಸಬೇಕು. ಮೂರನೆಯ ವರ್ಷದ ದಶಮಾಂಶವಂತೂ ಲೇವಿಗೆ, ಪರದೇಶಿಗೆ, ಅನಾಥರಿಗೆ, ವಿಧವೆಯರಿಗೆ ಹೊಟ್ಟೆತುಂಬ ಉಣ್ಣಲೆಂದೇ ಮೀಸಲು. ಇದನ್ನೆಲ್ಲ ಓದಿದ ಮೇಲೆ, ಕಾಣಿಕೆಯ ಲೆಕ್ಕಪತ್ರವನ್ನು ಸಭೆಯ ಮುಂದಿಡದ ಸಂಸ್ಥೆ ಪ್ರಥಮ ಫಲದ ಬಗ್ಗೆ ಬೋಧಿಸುವ ಹಕ್ಕನ್ನೇ ಕಳೆದುಕೊಂಡಿದೆ ಎಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಮೂರನೆಯ ಆಕ್ಷೇಪ ಕ್ರೈಸ್ತರಲ್ಲದ ಓದುಗರಿಂದ ಬರಬಹುದು, ಬರಬೇಕಾದದ್ದೇ. ಹಲವು ಮತಗಳು ಕೂಡಿ ಬಾಳುವ ನಾಡಿನಲ್ಲಿ ನನ್ನ ದೇವರೇ ಮೊದಲು ಎನ್ನುವವರು ನೆರೆಯವರಿಗೆ ಅಪಾಯವಲ್ಲವೇ? ಚರಿತ್ರೆಯಲ್ಲಿ ಅಪಾಯವಾದದ್ದುಂಟು. ದೇವರ ಹೆಸರು ಹೇಳಿ ತಮ್ಮ ರಾಜ್ಯ, ತಮ್ಮ ಜನಾಂಗ, ತಮ್ಮ ವ್ಯಾಪಾರವನ್ನು ಮೊದಲಿಟ್ಟ ಕ್ರೈಸ್ತ ದೇಶಗಳ ಪಟ್ಟಿ ಉದ್ದವಾಗಿದೆ. ಆದರೆ ಆ ಪಟ್ಟಿಗೆ ಎದುರಾಗಿ ನಿಂತವರ ಬಲ ಎಲ್ಲಿಂದ ಬಂತು ಎಂಬುದನ್ನೂ ನೋಡಬೇಕು. ಹಿಟ್ಲರ್ ಅಧಿಕಾರಕ್ಕೆ ಬಂದ ಮರುವರ್ಷ, 1934ರ ಮೇ ತಿಂಗಳಲ್ಲಿ, ಜರ್ಮನಿಯ ಬಾರ್ಮೆನ್ ಎಂಬಲ್ಲಿ ಪ್ರಾಟೆಸ್ಟೆಂಟ್ ಸಭೆಗಳ ಪ್ರತಿನಿಧಿಗಳು ಸೇರಿ ಒಂದು ಘೋಷಣೆ ಹೊರಡಿಸಿದರು. ಅದರ ಕರಡಿನಲ್ಲಿ ಮುಖ್ಯ ಪಾತ್ರ ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್ ಅವರದು. ಬದುಕಿನ ಯಾವ ಕ್ಷೇತ್ರದಲ್ಲೂ ಕ್ರಿಸ್ತನನ್ನು ಬಿಟ್ಟು ಬೇರೆ ಒಡೆಯರಿಗೆ ನಾವು ಸೇರಿದವರಲ್ಲ ಎಂಬುದು ಅದರ ಒಂದು ಮುಖ್ಯ ನಿಲುವು. ಜರ್ಮನಿಯ ಎಷ್ಟೋ ಸಭೆಗಳು ದೇಶದ ನಾಯಕನನ್ನೇ ದೇವರ ಪಕ್ಕದಲ್ಲಿ ಕೂರಿಸಿದ್ದ ಕಾಲದಲ್ಲಿ ಈ ಮಾತು ಬಂತು. ಈ ಘೋಷಣೆಯ ಹಿಂದಿದ್ದ ಚಳವಳಿಗೆ ಸೇರಿದ್ದ ಪಾದ್ರಿ ಡೀಟ್ರಿಶ್ ಬಾನ್‌ಹಾಫರ್ ಅವರನ್ನು 1945ರ ಏಪ್ರಿಲ್ 9ರಂದು ಗಲ್ಲಿಗೇರಿಸಿದರು. ಬಾರ್ಮೆನ್ ಘೋಷಣೆ ಯೆಹೂದ್ಯರ ಪರವಾಗಿ ಒಂದು ಮಾತನ್ನೂ ಆಡಲಿಲ್ಲ ಎಂಬ ಕೊರತೆಯನ್ನು ಮುಚ್ಚಿಡಬಾರದು. ದೇವರು ಮೊದಲು ಎಂದವರಿಗೂ ನೆರೆಯವನು ಕಾಣದೆ ಹೋಗಬಹುದು. ಆದರೂ ಸರ್ವಾಧಿಕಾರಕ್ಕೆ ಇಲ್ಲವೆನ್ನಲು ಅವರಿಗೆ ಒಂದು ನೆಲೆ ಸಿಕ್ಕಿದ್ದು ಮೊದಲ ಸ್ಥಾನ ಆಗಲೇ ಭರ್ತಿಯಾಗಿದ್ದರಿಂದ.

ನಮ್ಮಲ್ಲಿ ಆ ಸ್ಥಾನಕ್ಕೆ ಹೊಂಚುಹಾಕಿ ಕೂತಿರುವುದು ಜಾತಿ. ದೀಕ್ಷಾಸ್ನಾನ ಪಡೆದು ತಲೆಮಾರುಗಳು ಕಳೆದರೂ ಮಕ್ಕಳ ಮದುವೆಯ ಮಾತು ಬಂದಾಗ ಪೂರ್ವಿಕರ ಜಾತಿಯನ್ನು ಕೆದಕುವ ಕುಟುಂಬಗಳು ದಕ್ಷಿಣ ಭಾರತದ ಹಲವು ಪಂಗಡಗಳಲ್ಲಿ ಇವೆ. ದಲಿತ ಕ್ರೈಸ್ತರಿಗೆ ಸ್ಮಶಾನದಲ್ಲೂ ಬೇರೆ ಜಾಗ ತೋರಿಸಿದ ಊರುಗಳುಂಟು. ಅಂಥ ಮನೆಯಲ್ಲಿ ಬೆಳಿಗ್ಗೆ ಸಂಜೆ ತಪ್ಪದೆ ಕುಟುಂಬ ಪ್ರಾರ್ಥನೆ ನಡೆಯುತ್ತಿರಬಹುದು, ದಶಮಾಂಶವೂ ಸರಿಯಾಗಿ ಸಲ್ಲುತ್ತಿರಬಹುದು. ಪ್ರಮಾಣದಲ್ಲಿ ಕೊರತೆಯಿಲ್ಲ, ಸರದಿ ತಪ್ಪಿದೆ.

ಉಳಿದ ಒಂದು ಆಕ್ಷೇಪವನ್ನು ಎತ್ತುವುದು ದುಡಿಯುವ ಜನ. ರಾತ್ರಿ ಪಾಳಿಯ ನರ್ಸ್, ಭಾನುವಾರವೂ ಬಸ್ ಓಡಿಸುವ ಚಾಲಕ, ನಸುಕಿಗೆ ಎದ್ದು ಅಡುಗೆ ಮುಗಿಸಿ ಗಾರ್ಮೆಂಟ್ಸ್‌ಗೆ ಓಡುವ ಹೆಣ್ಣುಮಗಳು, ಇವರಿಗೆ ಮೊದಲ ಹೊತ್ತು ಎಲ್ಲಿದೆ? ಹದಿನೇಳನೆಯ ಶತಮಾನದ ಪ್ಯಾರಿಸಿನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಎಂಬ ಸಹೋದರ ಸನ್ಯಾಸಿಯಿದ್ದರು. ಮೊದಲು ಸೈನಿಕರಾಗಿದ್ದು ಕಾಲಿಗೆ ಪೆಟ್ಟು ಬಿದ್ದು ಕುಂಟುತ್ತಿದ್ದರು, ಹೆಚ್ಚು ಓದಿದವರಲ್ಲ, ವರ್ಷಗಟ್ಟಲೆ ಮಠದ ಅಡುಗೆಮನೆಯಲ್ಲಿ ದುಡಿದರು. ಅಡುಗೆ ಕೆಲಸ ಅವರಿಗೆ ಇಷ್ಟವೂ ಇರಲಿಲ್ಲ. ಪಾತ್ರೆಗಳ ಸದ್ದಿನ ನಡುವೆ, ಇಬ್ಬರು ಮೂವರು ಒಟ್ಟಿಗೆ ಏನೇನೋ ಕೇಳುತ್ತಿರುವಾಗಲೂ ದೇವರ ಸನ್ನಿಧಿ ತಮಗೆ ಪ್ರಾರ್ಥನಾಲಯದಲ್ಲಿ ಇದ್ದಷ್ಟೇ ಇರುತ್ತದೆ ಎಂಬುದು ಅವರ ಅನುಭವ. ಪ್ರತಿಯೊಂದು ಸಣ್ಣ ಕೆಲಸಕ್ಕೂ ಮೊದಲು ದೇವರ ಕಡೆ ಮನಸ್ಸು ತಿರುಗಿಸುವುದೇ ಅವರ ಸಾಧನೆ. 1691ರಲ್ಲಿ ತೀರಿಕೊಂಡ ಮೇಲೆ ಅವರ ಮಾತುಗಳೂ ಪತ್ರಗಳೂ ಪುಸ್ತಕವಾಗಿ ಲೋಕವನ್ನೆಲ್ಲ ಸುತ್ತಿದವು. ಪಾಳಿಯ ಗಂಟೆಗಳು ಯಾರ ಕೈಯಲ್ಲಿವೆಯೋ ಅವರು ನರ್ಸಿನ ಭಾನುವಾರವನ್ನು ಕಸಿಯಬಲ್ಲರು. ರೋಗಿಯ ಹಾಸಿಗೆಯ ಬಳಿಗೆ ಹೋಗುವ ಮುನ್ನದ ಅರೆಗಳಿಗೆಯನ್ನು ಕಸಿಯಲಾರರು. ದಿನದ ನಿಯಮವೇ ಕೊನೆಯ ಮಾತೂ ಅಲ್ಲ: ಯೇಸುವೇ ಸಬ್ಬತ್ ದಿನ ರೋಗಿಗಳನ್ನು ಗುಣಪಡಿಸಿ ನಿಯಮಪಾಲಕರ ಸಿಟ್ಟಿಗೆ ಗುರಿಯಾದವರು.

ಲಿಡೆಲ್ ಅವರ ಬದುಕಿನ ಉತ್ತರಾರ್ಧ ಈ ಮಾತಿಗೆ ಹತ್ತಿರವಾಗಿದೆ. ಪ್ಯಾರಿಸಿನಲ್ಲಿ ಅವರು 400 ಮೀಟರ್ ಓಟವನ್ನು 47.6 ಸೆಕೆಂಡುಗಳಲ್ಲಿ ಗೆದ್ದು ಚಿನ್ನ ಪಡೆದರು. ಮರುವರ್ಷ, 1925ರಲ್ಲಿ, ಕೀರ್ತಿಯನ್ನೆಲ್ಲ ಬಿಟ್ಟು ತಾವು ಹುಟ್ಟಿದ ಚೀನಾಕ್ಕೆ ಮಿಷನರಿ ಶಿಕ್ಷಕರಾಗಿ ಹೋದರು. 1943ರಲ್ಲಿ ಜಪಾನೀಯರು ಅವರನ್ನು ವೇಶಿಯನ್ ಬಂಧನ ಶಿಬಿರಕ್ಕೆ ಹಾಕಿದರು. ತಂದೆತಾಯಿಯಿಂದ ದೂರವಾದ ಎಷ್ಟೋ ಮಕ್ಕಳು ಆ ಶಿಬಿರದಲ್ಲಿದ್ದರು. ಲಿಡೆಲ್ ಆ ಮಕ್ಕಳಿಗೆ ಪಾಠ ಹೇಳಿದರು, ಆಟ ಆಡಿಸಿದರು. ಭಾನುವಾರ ಆಟ ಬೇಡವೆಂಬುದು ಅಲ್ಲೂ ಅವರ ನಿಲುವು. ಆದರೆ ಒಂದು ಭಾನುವಾರ ಹುಡುಗರು ತಾವಾಗಿಯೇ ಹಾಕಿ ಆಡಲು ಹೋಗಿ, ನೋಡಿಕೊಳ್ಳುವವರಿಲ್ಲದೆ ಜಗಳಕ್ಕೆ ಬಿದ್ದರು. ಮುಂದೆ ಲಿಡೆಲ್ ತಾವೇ ಭಾನುವಾರ ಮೈದಾನಕ್ಕೆ ಇಳಿದು ಅಂಪೈರ್ ಆಗಿ ನಿಂತರು. 1924ರ ನಿರ್ಧಾರಕ್ಕೂ ಇದಕ್ಕೂ ಹೊಂದಿಕೆಯಿಲ್ಲ ಎನ್ನುವವರಿದ್ದಾರೆ. ನನಗೆ ಇವೆರಡೂ ಒಂದೇ ನಿರ್ಧಾರದಂತೆ ಕಾಣುತ್ತವೆ. ಪ್ಯಾರಿಸಿನಲ್ಲಿ ಅವರು ದೇವರಿಗಾಗಿ ಹಿಂದೆ ಸರಿಸಿದ್ದು ಪದಕವನ್ನು. ಶಿಬಿರದಲ್ಲಿ ಹಿಂದೆ ಸರಿಸಿದ್ದು ಭಾನುವಾರ ಆಡದವರು ಎಂದು ಲೋಕ ತಮಗೆ ಕೊಟ್ಟಿದ್ದ ಹೆಸರನ್ನು. 1945ರ ಫೆಬ್ರವರಿ 21ರಂದು, ಬಿಡುಗಡೆಗೆ ಕೆಲವೇ ತಿಂಗಳಿರುವಾಗ, ಮಿದುಳಿನ ಗೆಡ್ಡೆಯಿಂದ ಅವರು ಅದೇ ಶಿಬಿರದಲ್ಲಿ ತೀರಿಕೊಂಡರು. ಆಗ ಅವರಿಗೆ 43 ವರ್ಷ.